ಗುಜರಿಯಿಂದ ತಂದ ದಪ್ಪ ಸ್ಟೀಲ್ ತುಂಡುಗಳನ್ನು ವರ್ಕ್‌ಶಾಪ್‌ನಲ್ಲಿ ಹೇಗೆ ಬಳಸುವುದು?

ಪ್ರಶ್ನೆ:
ನಮಸ್ಕಾರ ಸರ್. ಲಾರಿ, ಎಕ್ಸ್‌ಕವೇಟರ್ ರಿಪೇರಿ ಮಾಡುತ್ತಿದ್ದ ಹಳೇ ಶೆಡ್ ಒಂದು ಮುಚ್ಚಿತು. ಅಲ್ಲಿದ್ದ ಗುಜರಿಯನ್ನು ತೂಕದ ಲೆಕ್ಕದಲ್ಲಿ ತಂದಿದ್ದೇನೆ. ಒಂದು ಮೀಟರ್ ಉದ್ದದ ರೈಲು ಹಳಿ, ಸ್ಪ್ರಿಂಗ್ ಪಟ್ಟೆಗಳು, ಎರಡು ಬ್ರೇಕ್ ಡ್ರಮ್, ಒಂದು ಫ್ಲೈವೀಲ್, ಹಿಂದಿನ ಆಕ್ಸಲ್ ಶಾಫ್ಟ್, 60 ಮಿ.ಮೀ. ದಪ್ಪದ ಹೈಡ್ರಾಲಿಕ್ ರಾಡ್, ದೊಡ್ಡ ಬೇರಿಂಗ್‌ಗಳು, ಮತ್ತೆ 25 ಮಿ.ಮೀ. ದಪ್ಪದ ಒಂದು ಪ್ಲೇಟ್. ನನ್ನ ಹತ್ತಿರ ಆರ್ಕ್ ವೆಲ್ಡಿಂಗ್, ಆಂಗಲ್ ಗ್ರೈಂಡರ್, ಡ್ರಿಲ್ ಮೆಷಿನ್, ಚಿಕ್ಕ ಕುಲುಮೆ ಇದೆ. ಲೇತ್ ಇಲ್ಲ. ಇವನ್ನು ಮತ್ತೆ ಗುಜರಿಗೆ ಹಾಕಲು ಮನಸ್ಸಿಲ್ಲ. ಏನೇನು ಮಾಡಬಹುದು?

ಉತ್ತರ:
ಒಳ್ಳೇ ಸಾಮಾನೇ ಸಿಕ್ಕಿದೆ. ಆದರೆ ಏನು ಮಾಡಲಿ ಅಂತ ಯೋಚಿಸುವ ಮುಂಚೆ, ಒಂದೊಂದು ತುಂಡಿನಲ್ಲಿ ಈಗಾಗಲೇ ಏನು ಒಳ್ಳೆಯದಿದೆ ಅಂತ ನೋಡಿ. ಒಂದರಲ್ಲಿ ತೂಕ, ಒಂದರಲ್ಲಿ ಗಡಸುತನ, ಒಂದು ಸಮತಟ್ಟು, ಇನ್ನೊಂದು ನಿಖರವಾದ ದುಂಡು. ಕಾರ್ಖಾನೆಯಲ್ಲಿ ತುಂಬಾ ಖರ್ಚು ಮಾಡಿ ಆ ಗುಣ ತಂದಿರುತ್ತಾರೆ. ನಾವು ಸುಮ್ನೆ ಕಾಯಿಸಿ, ವೆಲ್ಡ್ ಮಾಡಿ ಅದನ್ನೇ ಕಳೆದರೆ ಉಳಿಯುವುದು ಬರೀ ಕಬ್ಬಿಣ. ಕತ್ತರಿಸುವುದು ಕಡಿಮೆಯಾದಷ್ಟೂ ಒಳ್ಳೆಯದು.

ಮೊದಲು ವಿಂಗಡಿಸಿಕೊಳ್ಳಿ. ಹಳೇ ಅರ (ಫೈಲ್) ಒಂದು ಸಾಕು. ಅರ ಕಚ್ಚಿದರೆ ಮೆದು. ಕಚ್ಚದೆ ಜಾರಿದರೆ ಗಡಸು ಮಾಡಿದ ಉಕ್ಕು. ಆಮೇಲೆ ಗ್ರೈಂಡರ್ ಹಚ್ಚಿ ಕಿಡಿ ನೋಡಿ. ಎಂ.ಎಸ್. (ಮೈಲ್ಡ್ ಸ್ಟೀಲ್, ಕಾರ್ಬನ್ ಕಡಿಮೆ ಇರುವ ಮಾಮೂಲಿ ಮೆದು ಉಕ್ಕು) ಆದರೆ ಉದ್ದನೆಯ ಹಳದಿ ಗೆರೆಗಳು, ಕವಲು ಕಡಿಮೆ. ಕಾರ್ಬನ್ ಜಾಸ್ತಿ ಇದ್ದರೆ ಗೆರೆ ಗಿಡ್ಡವಾಗಿ, ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ಬೀಡು (ಎರಕದ ಕಬ್ಬಿಣ) ಆದರೆ ಕಿಡಿ ಮಂದ ಕೆಂಪು, ತುಂಬಾ ಚಿಕ್ಕದು. ಗೊತ್ತಿರುವ ಎಂ.ಎಸ್. ತುಂಡೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿ. ಕಣ್ಣು ಬೇಗ ಪಳಗುತ್ತದೆ. ನಿಮ್ಮ ಪಟ್ಟಿಯಲ್ಲಿ ಡ್ರಮ್ ಸಾಮಾನ್ಯವಾಗಿ ಬೀಡು, ಫ್ಲೈವೀಲ್ ಕೂಡ ಬಹುಪಾಲು ಬೀಡೇ. ಬೇರಿಂಗ್ ಅತಿ ಗಡಸು. ಹಳಿ, ಪಟ್ಟೆ, ಆಕ್ಸಲ್ ಇವುಗಳಲ್ಲಿ ಎಂ.ಎಸ್.ಗಿಂತ ಕಾರ್ಬನ್ ಜಾಸ್ತಿ.

ಈಗ ಹಳಿ. ಎಲ್ಲರೂ ಅದನ್ನು ಅಡ್ಡ ಮಲಗಿಸಿ, ಒಂದು ತುದಿಗೆ ಕೊಂಬು ಕೊರೆದು ಅಡಿಗಲ್ಲು (ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ) ಮಾಡುತ್ತಾರೆ. ನೋಡಲು ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೇ. ಮಲಗಿದ ಹಳಿಯಲ್ಲಿ ಪೆಟ್ಟು ಬೀಳುವ ತಲೆಯ ಕೆಳಗೆ ತೆಳು ನಡುಭಾಗ ಮಾತ್ರ ಇರುತ್ತದೆ. ಪೆಟ್ಟಿನ ಶಕ್ತಿ ಅಲ್ಲಿ ಅದುರಿ ಪೋಲಾಗುತ್ತದೆ, ಕಿವಿ ಬೇರೆ ಗುಂಯ್ ಅನ್ನುತ್ತದೆ. ಅದೇ ಹಳಿಯನ್ನು ನೆಟ್ಟಗೆ ನಿಲ್ಲಿಸಿ, ತುದಿಯ ಮೇಲೆ ಬಡಿಯಿರಿ. ಪೂರ್ತಿ ಉದ್ದದ ತೂಕ ಸುತ್ತಿಗೆಯ ಕೆಳಗೇ ಬರುತ್ತದೆ. ಮೀಟರಿಗೆ 52 ಕೆಜಿ ತೂಗುವ ಹಳಿ ಆದರೆ 75 ಸೆಂ.ಮೀ. ತುಂಡು 39 ಕೆಜಿ ಆಯಿತು. ಬಡಿಯುವ ಜಾಗ ಚಿಕ್ಕದು, ಹಳಿಯ ತಲೆಯ ಅಗಲ ಸುಮಾರು 65ರಿಂದ 70 ಮಿ.ಮೀ. ಅಷ್ಟೇ. ಆದರೂ ಸುತ್ತಿಗೆಯ ಮುಖ ಅದಕ್ಕಿಂತ ಚಿಕ್ಕದಲ್ವಾ? ಉಳಿ, ಕತ್ತಿ, ಕೊಕ್ಕೆಯಂಥ ಕೆಲಸಕ್ಕೆ ಸಾಕು. ತುದಿಯನ್ನು ಸಮತಟ್ಟಾಗಿ ಉಜ್ಜಿ, ಅಂಚುಗಳನ್ನು ಸ್ವಲ್ಪ ದುಂಡಗೆ ಮಾಡಿ. ಬುಡವನ್ನು ಮರಳು ತುಂಬಿದ ಗಟ್ಟಿ ಪೆಟ್ಟಿಗೆಯಲ್ಲಿ ಇಳಿಸಿ ನಿಲ್ಲಿಸಿ. ಎತ್ತರ ಎಷ್ಟು ಅಂದರೆ, ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿದಾಗ ಬೆರಳಿನ ಗೆಣ್ಣು ಮುಟ್ಟುವಷ್ಟು.

ಹಳೇ ಹಳಿಯ ತಲೆಯ ಅಂಚಿನಲ್ಲಿ ಚಪ್ಪಟೆಯಾಗಿ ಹೊರಚಾಚಿದ ತುಟಿ, ಸಣ್ಣ ಬಿರುಕುಗಳು ಇರುತ್ತವೆ. ಅದನ್ನು ಪೂರ್ತಿ ತೆಗೆಯಿರಿ. ಪೆಟ್ಟಿಗೆ ಚೂರು ಹಾರಿ ಕಣ್ಣಿಗೆ ಬಡಿಯುವುದು ಇಂಥ ಜಾಗದಿಂದಲೇ. ಇನ್ನೊಂದು ಮಾತು, ಹಳಿ ರೈಲ್ವೆಯ ಸೊತ್ತು. ಕೊಂಡ ಚೀಟಿ ಇದ್ದರೆ ಜೋಪಾನ ಮಾಡಿ, ಇಲ್ಲದಿದ್ದರೆ ಕೊಟ್ಟವರಿಂದ ಬರೆಸಿಕೊಳ್ಳಿ.

25 ಮಿ.ಮೀ. ಪ್ಲೇಟನ್ನು ದಯವಿಟ್ಟು ಕತ್ತರಿಸಬೇಡಿ. ಅದು ವೆಲ್ಡಿಂಗ್ ಟೇಬಲ್. ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರ್ ಸ್ಟೀಲ್, ದಪ್ಪ ಪ್ರತಿ ಮಿ.ಮೀ.ಗೆ 7.85 ಕೆಜಿ. ಪ್ಲೇಟ್ 1 ಮೀಟರ್‌ಗೆ 60 ಸೆಂ.ಮೀ. ಇದ್ದರೆ ಸುಮಾರು 118 ಕೆಜಿ. ಕಾಲುಗಳನ್ನು ಪ್ಲೇಟಿಗೆ ಉದ್ದಕ್ಕೆ ವೆಲ್ಡ್ ಮಾಡಿದರೆ ಬಿಸಿಗೆ ಎಳೆದು ಡೊಂಕಾಗುತ್ತದೆ. ಬೇರೆ ಫ್ರೇಮ್ ಮಾಡಿ, ಮೇಲೆ ಸುಮ್ನೆ ಇಟ್ಟು, ಅಲ್ಲಲ್ಲಿ ಬೋಲ್ಟ್ ಹಾಕಿ.

ಫ್ಲೈವೀಲ್ ಬೆಂಚ್ ಗ್ರೈಂಡರ್ ಸ್ಟ್ಯಾಂಡಿನ ಬುಡಕ್ಕೆ ಹೇಳಿ ಮಾಡಿಸಿದ್ದು. ತೂತುಗಳೂ ಮೊದಲೇ ಇವೆ. ಆಕ್ಸಲ್ ಶಾಫ್ಟಿನಿಂದ ಡ್ರಿಫ್ಟ್ (ತೂತು ಹಿಗ್ಗಿಸುವ ಸಲಕರಣೆ), ಪಂಚ್, ಕುಲುಮೆಯ ಸುತ್ತಿಗೆ ಆಗುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಅಣ್ಣಾ, ಬ್ರೇಕ್ ಡ್ರಮ್ ಮೇಲೆ ಪೈಪ್ ನಿಲ್ಲಿಸಿ, ಮಾಮೂಲಿ ರಾಡ್‌ನಲ್ಲೇ ವೆಲ್ಡ್ ಮಾಡಿ ವೈಸ್ ಸ್ಟ್ಯಾಂಡ್ ಮಾಡಿದ್ದೇನೆ. ಚೆನ್ನಾಗೇ ನಿಂತಿದೆ. ಬೀಡಿಗೆ ವೆಲ್ಡ್ ಹಿಡಿಯಲ್ಲ ಅಂತ ಯಾಕೆ ಹೇಳುತ್ತಾರೆ?

ಉತ್ತರ:
ಹಿಡಿಯುತ್ತದೆ. ಹಿಡಿದ ಮೇಲೆ ಬಿಡುವುದೇ ತೊಂದರೆ. ಬೀಡಿನಲ್ಲಿ ಕಾರ್ಬನ್ ಸಾಮಾನ್ಯವಾಗಿ ಶೇ. 2.5ರಿಂದ 4. ವೆಲ್ಡ್ ಪಕ್ಕದ ಪಟ್ಟಿ ಬೇಗ ತಣಿದು ಗಾಜಿನಷ್ಟು ಬಿರುಸಾಗುತ್ತದೆ. ಮೇಲೆ ವೆಲ್ಡ್ ಗೆರೆ ನೀಟಾಗಿ ಕಾಣುತ್ತಿರುತ್ತದೆ, ಬಿರುಕು ಅದರ ಪಕ್ಕದಲ್ಲೇ ಓಡಿರುತ್ತದೆ. ವೈಸ್‌ನಲ್ಲಿ ಏನೋ ಹಿಡಿದು ಜೋರಾಗಿ ಜಗ್ಗಿದ ದಿನ ಗೊತ್ತಾಗುತ್ತದೆ. ನಿಕಲ್ ರಾಡ್, ಮೊದಲೇ ಕಾಯಿಸುವುದು, ಬೂದಿಯಲ್ಲಿ ಮುಚ್ಚಿ ನಿಧಾನ ಆರಿಸುವುದು, ಇಷ್ಟೆಲ್ಲ ಮಾಡಿದರೆ ಸರಿಹೋಗುತ್ತದೆ. ಆದರೆ ಡ್ರಮ್ಮಿನಲ್ಲಿ ವೀಲ್ ಸ್ಟಡ್ ತೂತುಗಳು ಇವೆಯಲ್ಲ! ಎಂ.ಎಸ್. ಫ್ಲ್ಯಾಂಜ್ (ಬೋಲ್ಟ್ ತೂತುಗಳಿರುವ ಚಪ್ಪಟೆ ತಟ್ಟೆ) ಒಂದಕ್ಕೆ ಪೈಪ್ ವೆಲ್ಡ್ ಮಾಡಿ, ಫ್ಲ್ಯಾಂಜನ್ನು ಡ್ರಮ್ಮಿಗೆ ಬೋಲ್ಟ್ ಮಾಡಿ. ಬೇಕಾದಾಗ ಬಿಚ್ಚಲೂ ಬಹುದು.

ಡ್ರಮ್ಮಿನ ಒಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನೀರು ಹಾಕಿ ಒದ್ದೆ ಮಾಡಿ ಒರೆಸಿ. ಎರಡನೇ ಡ್ರಮ್ಮನ್ನು ಕುಲುಮೆಯ ಬೆಂಕಿಗುಂಡಿ ಮಾಡಬಹುದು, ಕೆಳಗಿನಿಂದ ಗಾಳಿಯ ಪೈಪ್ ಕೊಟ್ಟರೆ ಆಯಿತು.

ಪ್ರಶ್ನೆ (ಮೊದಲು ಕೇಳಿದವರು):
ಥ್ಯಾಂಕ್ಸ್ ಸರ್. ಬೇರಿಂಗ್ ಹೊರಗಿನ ರಿಂಗ್‌ನಿಂದ ಚಾಕು ಮಾಡುವ ವಿಡಿಯೊ ನೋಡಿದ್ದೆ. ಹೈಡ್ರಾಲಿಕ್ ರಾಡ್ ತುಂಬಾ ಹೊಳೆಯುತ್ತಿದೆ, ಅದನ್ನೂ ಕುಲುಮೆಗೆ ಹಾಕಬಹುದಾ?

ಉತ್ತರ:
ರಾಡನ್ನು ಹಾಗೇ ಬೆಂಕಿಗೆ ಹಾಕಬೇಡಿ. ಆ ಹೊಳಪು ಕ್ರೋಮ್ ಲೇಪ. ಕ್ರೋಮ್ ಇರುವ ಜಾಗದಲ್ಲಿ ವೆಲ್ಡ್ ಮಾಡಿದರೆ ಬರುವ ಹೊಗೆಯಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ಇರುತ್ತದೆ. ವೆಲ್ಡ್ ಬೇಕೇ ಬೇಕು ಅಂದರೆ ಅಲ್ಲಿಯ ಲೇಪವನ್ನು ಮಾಸ್ಕ್ ಹಾಕಿಕೊಂಡು ಮೊದಲು ಉಜ್ಜಿ ತೆಗೆಯಿರಿ. ಅದಕ್ಕಿಂತ, ಅಷ್ಟು ನೇರ, ಅಷ್ಟು ನುಣುಪು ದುಂಡು ಬೇರೆಲ್ಲಿ ಸಿಗುತ್ತದೆ? ಶೀಟ್ ಸುತ್ತಿಸಲು, ಪಟ್ಟಿ ಬಗ್ಗಿಸಲು ಹಾಗೇ ಇಟ್ಟುಕೊಳ್ಳಿ. ರಾಡ್ ಇನ್ನೂ ಸಿಲಿಂಡರ್ ಒಳಗೇ ಇದ್ದರೆ, ಎರಡೂ ಪೋರ್ಟ್ ತೆರೆದು ಎಣ್ಣೆ ಖಾಲಿ ಮಾಡುವವರೆಗೆ ಬೆಂಕಿ ಹತ್ತಿರ ತರಬೇಡಿ. ಮುಚ್ಚಿದ ಸಿಲಿಂಡರ್, ಶಾಕ್ ಅಬ್ಸಾರ್ಬರ್ ಕಾಯಿಸಿದರೆ ಸಿಡಿಯುತ್ತದೆ.

ಬೇರಿಂಗ್ ರಿಂಗ್‌ನಿಂದ ಚಾಕು ಆಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಶೇ. 1 ಕಾರ್ಬನ್, ಶೇ. 1.5 ಕ್ರೋಮಿಯಂ. ಆದರೆ ಆ ಉಕ್ಕಿಗೆ ಹದ ಕೊಡುವುದು ಸುಲಭವಲ್ಲ. ಮೊದಲು ಸ್ಪ್ರಿಂಗ್ ಪಟ್ಟೆಯಲ್ಲಿ ಕೈ ಪಳಗಿಸಿ, ಅದರಲ್ಲಿ ಕಾರ್ಬನ್ ಶೇ. 0.6ರ ಆಸುಪಾಸು. ಕೆಂಪಗೆ ಕಾಯಿಸಿ ಆಕಾರ ಕೊಡಿ. ಆಮೇಲೆ ಮ್ಯಾಗ್ನೆಟ್ ಹಿಡಿಯುವುದನ್ನು ಬಿಡುವವರೆಗೆ ಕಾಯಿಸಿ, ಅದು ಸುಮಾರು 770 ಡಿಗ್ರಿಗೆ ಆಗುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಹೋದ ತಕ್ಷಣ ಎಣ್ಣೆಯಲ್ಲಿ ಅದ್ದಿ. ಈಗ ಅರ ಜಾರಬೇಕು. ಹಾಗೇ ಬಿಟ್ಟರೆ ಮುರಿಯುತ್ತದೆ. ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿ, ಬಣ್ಣ ನೋಡುತ್ತಿರಿ. ಚಾಕುವಿಗೆ ಒಣಹುಲ್ಲಿನ ಹಳದಿ, ಅಂದರೆ 200ರಿಂದ 230 ಡಿಗ್ರಿ. ಪೆಟ್ಟು ತಿನ್ನುವ ಉಳಿಗೆ ನೇರಳೆ ದಾಟಿ ನೀಲಿಗೆ ತಿರುಗುವವರೆಗೆ, ಸುಮಾರು 290. ಪಟ್ಟೆಯ ನಡುವಿನ ಬೋಲ್ಟ್ ತೂತಿನ ಸುತ್ತ ಬಿರುಕು ಜಾಸ್ತಿ, ಆ ಭಾಗ ಬಿಟ್ಟುಬಿಡಿ.

ರಿಂಗ್‌ಗಳಿಗೆ ಇದಕ್ಕಿಂತ ಒಳ್ಳೇ ಕೆಲಸ ಇದೆ. ಅದೇ ಅಳತೆಯ ಹೊಸ ಬೇರಿಂಗ್ ಕೂರಿಸುವಾಗ ಹಳೇ ಹೊರ ರಿಂಗನ್ನು ಮೇಲಿಟ್ಟು ಪ್ರೆಸ್ ಮಾಡಿ. ಹೊರಮೈಯನ್ನು ಚೂರು ಉಜ್ಜಿ, ಒಂದು ಕಡೆ ಗ್ರೈಂಡರ್‌ನಲ್ಲಿ ಸೀಳಿ ಇಟ್ಟರೆ ಒಳಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಸುತ್ತಿಗೆಯಿಂದ ಮಾತ್ರ ನೇರ ಹೊಡೆಯಬೇಡಿ. ಗಡಸಿನ ಮೇಲೆ ಗಡಸು ಬಿದ್ದರೆ ಚೂರು ಹಾರುತ್ತದೆ.

ಪ್ರಶ್ನೆ (ಮತ್ತೊಬ್ಬ ಸದಸ್ಯೆ):
ಸರ್, ನಮ್ಮಲ್ಲಿ ಜಲ್ಲಿ ಕ್ರಷರ್‌ನ ಹಲ್ಲುಹಲ್ಲಾದ ದಪ್ಪ ಪ್ಲೇಟ್ ಇದೆ. ಮ್ಯಾಗ್ನೆಟ್ ಹಿಡಿಯಲ್ಲ. ಡ್ರಿಲ್ ಶುರುವಿನಲ್ಲಿ ಸ್ವಲ್ಪ ಇಳಿದು ಆಮೇಲೆ ನಿಂತೇ ಬಿಡುತ್ತದೆ. ಸ್ಟೇನ್‌ಲೆಸ್ ಇರಬಹುದಾ?

ಉತ್ತರ:
ಅಲ್ಲ ಮೇಡಂ, ಅದು ಮ್ಯಾಂಗನೀಸ್ ಸ್ಟೀಲ್. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದದ್ದು. ಮ್ಯಾಂಗನೀಸ್ ಶೇ. 12ರ ಸುತ್ತಮುತ್ತ. ಇದರ ಸ್ವಭಾವವೇ ವಿಚಿತ್ರ. ಪೆಟ್ಟು ಬಿದ್ದಷ್ಟೂ ಮೇಲ್ಮೈ ಗಡಸಾಗುತ್ತದೆ. ನಿಮ್ಮ ಡ್ರಿಲ್ ಕೊರೆಯದೆ ಒಂದು ಕ್ಷಣ ಉಜ್ಜಿತು ಅಂದರೂ ಸಾಕು, ಆ ಜಾಗ ಗಟ್ಟಿಯಾಯಿತು. ತೂತು ಬೇಕೇ ಬೇಕಾದರೆ ಕಾರ್ಬೈಡ್ ಬಿಟ್, ಕಡಿಮೆ ಸ್ಪೀಡ್, ಬಿಡದೆ ಒತ್ತಡ. ನಾನಾದರೆ ತೂತಿನ ಯೋಚನೆಯನ್ನೇ ಬಿಡುತ್ತೇನೆ. ಕುಲುಮೆಗೂ ಹಾಕಬೇಡಿ. ಬೇರೆ ಉಕ್ಕು ನಿಧಾನ ತಣಿದರೆ ಮೆದುವಾಗುತ್ತದೆ, ಇದು ಉಲ್ಟಾ, ಮುರುಕಾಗುತ್ತದೆ. ಅಡಿಗಲ್ಲಿಗೂ ಅಷ್ಟು ಸರಿಯಲ್ಲ, ಶುರುವಿನಲ್ಲಿ ಮೆದು ಇರುವುದರಿಂದ ಮುಖದಲ್ಲಿ ಗುಂಡಿ ಬೀಳುತ್ತದೆ. ಕಲ್ಲು, ಕಾಂಕ್ರೀಟ್ ಕುಟ್ಟುವ ಹಾಸು ಅಥವಾ ಯಂತ್ರ ಅಲುಗಾಡದಂತೆ ಇಡುವ ಭಾರ, ಅಷ್ಟಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ (ಮೊದಲು ಕೇಳಿದವರು):
ಕೊನೇದೊಂದು ಸರ್. ಉಳಿದ ಆಕ್ಸಲ್ ತುಂಡಿಗೆ ಕೊಕ್ಕೆ ವೆಲ್ಡ್ ಮಾಡಿ, ಇಂಜಿನ್ ಎತ್ತಲು ಚೈನ್ ಬ್ಲಾಕ್ ನೇತುಹಾಕಬಹುದಾ? ಅಷ್ಟು ದಪ್ಪ ಇದೆ, ಮುರಿಯಲ್ಲ ಅನ್ನಿಸುತ್ತದೆ.

ಉತ್ತರ:
ಬೇಡ. ದಪ್ಪ ಎಷ್ಟಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆ ಶಾಫ್ಟ್ ಲಕ್ಷಾಂತರ ಸಲ ತಿರುಚಿಸಿಕೊಂಡಿದೆ. ಒಳಗೆ ಬಿರುಕು ಎಲ್ಲಿ ಶುರುವಾಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ವೆಲ್ಡ್ ಬೇರೆ. ಆ ಜಾತಿಯ ಉಕ್ಕನ್ನು 200 ಡಿಗ್ರಿಯಷ್ಟು ಮೊದಲೇ ಕಾಯಿಸದೆ, ಒಣಗಿಸಿದ 7018 (ಕಡಿಮೆ ಹೈಡ್ರೋಜನ್‌ನ) ವೆಲ್ಡಿಂಗ್ ರಾಡ್ ಇಲ್ಲದೆ ವೆಲ್ಡ್ ಮಾಡಿದರೆ ಪಕ್ಕದಲ್ಲಿ ಬಿರುಕು ಬಿಡುತ್ತದೆ, ಕೆಲವು ಸಲ ಮಾರನೇ ದಿನ. ತಲೆಯ ಮೇಲೆ ಭಾರ ತೂಗುವ ಕೊಕ್ಕೆ, ಶ್ಯಾಕಲ್, ತೊಲೆ, ಕಾರಿನ ಕೆಳಗಿಡುವ ಸ್ಟ್ಯಾಂಡ್, ಇವು ಯಾವುದನ್ನೂ ಜಾತಕ ಗೊತ್ತಿಲ್ಲದ ಗುಜರಿಯಿಂದ ಮಾಡಬೇಡಿ. ರೇಟಿಂಗ್ ಮುದ್ರೆ ಇರುವುದನ್ನೇ ಕೊಳ್ಳಿ.

ಉಳಿದ ಕೆಲಸಕ್ಕೂ ಬಿರುಕು ನೋಡಿಕೊಳ್ಳುವುದು ಒಳ್ಳೆಯದು. ತುಂಡನ್ನು ಚೆನ್ನಾಗಿ ಉಜ್ಜಿ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಡಿ. ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ. ಬಿರುಕಿನ ಒಳಗೆ ಉಳಿದ ಎಣ್ಣೆ ಪುಡಿಗೆ ಏರಿ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡ ತುಂಡನ್ನು ಮುಲಾಜಿಲ್ಲದೆ ಗುಜರಿಗೆ ಹಾಕಿ. ಗೆರೆ ಕಾಣದಿದ್ದರೂ ಎತ್ತುವ ಕೆಲಸಕ್ಕೆ ಮಾತ್ರ ಬೇಡ, ಯಾಕೆಂದರೆ ಈ ಪರೀಕ್ಷೆಗೆ ಸಿಗುವುದು ಮೇಲ್ಮೈಗೆ ತೆರೆದ ಬಿರುಕು ಮಾತ್ರ.