ಪದಚರ್ಚೆ: ಹಾಯಿದೋಣಿಯ ಡೆಕ್ ‘ಕುಂಬಾಗಿದೆ’ ಎನ್ನಬಹುದೇ?

ಬಲ್ಲವರಲ್ಲಿ ಒಂದು ವಿಚಾರಣೆ.

ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯನ್ನು ಸ್ವತಃ ದುರಸ್ತಿ ಮಾಡಿಕೊಳ್ಳುವವರಿಗಾಗಿ ಟಿಪ್ಪಣಿ ಬರೆಯುತ್ತಿದ್ದೇನೆ. ಮಾದರಿಗೆ ಹಿಡಿದಿರುವುದು 1959ರಲ್ಲಿ ಮಾರುಕಟ್ಟೆಗೆ ಬಂದ, ಸುಮಾರು 28 ಅಡಿ ಉದ್ದದ ಅಮೆರಿಕದ ಪಿಯರ್ಸನ್ ಟ್ರೈಟನ್. ಇದರ ಡೆಕ್, ಅಂದರೆ ಓಡಾಡುವ ಮೇಲ್ಹಾಸು, ಇಡಿಯಾಗಿ ಫೈಬರ್ ಅಲ್ಲ. ಮೇಲೊಂದು, ಕೆಳಗೊಂದು ತೆಳ್ಳನೆಯ ಹೊದಿಕೆ. ನಡುವೆ ನಾರು ನೆಟ್ಟಗೆ ನಿಲ್ಲುವಂತೆ ಅಡ್ಡಕೊಯ್ದ ಬಾಲ್ಸಾ ಮರದ ಬಿಲ್ಲೆಗಳು. ಈ ನಡುವಣ ಮರವನ್ನು ‘ತಿರುಳು’ ಎಂದಿದ್ದೇನೆ. ಗೆಳೆಯರೊಬ್ಬರು ‘ಕೆಚ್ಚು’ ಎಂದರು. ಉಗುರೊತ್ತಿದರೆ ಗುರುತು ಬೀಳುವ ಬಾಲ್ಸಾಗೆ ಅಷ್ಟು ಗಟ್ಟಿ ಹೆಸರು ದುಬಾರಿಯಾಯಿತು.

ತೊಡಕು ಇರುವುದು ಮುಂದೆ. ಡೆಕ್ಕಿನ ಅಂಚಿನ ಕಂಬಿಗಳ ಬೋಲ್ಟಿನ ಸುತ್ತ ಹಚ್ಚಿದ ಸೀಲಂಟ್ (ನೀರು ತಡೆಯುವ ಮೆತ್ತು) ಬಿರಿದರೆ ನೀರು ಇಳಿಯುತ್ತದೆ. ಇಳಿದದ್ದು ಎರಡು ಹೊದಿಕೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಆಮೇಲಿನ ಅವಸ್ಥೆಗಳೆಲ್ಲಕ್ಕೂ ‘ಹಾಳಾಗಿದೆ’ ಎಂದು ಬರೆದರೆ ಓದುಗ ಬೇಡದ ಕಡೆ ಗರಗಸ ಇಡುತ್ತಾನೆ. ದೋಣಿಯ ಒಳಗಿನಿಂದ, ಮೇಲಿನ ಹೊದಿಕೆಗೆ ತಾಗದಂತೆ, ಒಂದು ಸಣ್ಣ ತೂತು ಕೊರೆದು ಡ್ರಿಲ್ಲಿಗೆ ಅಂಟಿ ಬಂದ ಪುಡಿಯನ್ನು ನೋಡಬೇಕು. ಪುಡಿ ಬಿಳಿಚಿಕೊಂಡು ಹಸಿಯಾಗಿದ್ದರೆ ಮರ ಬರೀ ‘ಒದ್ದೆ’: ನೀರಿನ ದಾರಿ ಮುಚ್ಚಿ ಒಣಗಿಸಲು ಇನ್ನೂ ಅವಕಾಶವಿದೆ. ಕಂದು ಬಣ್ಣದ ಮುದ್ದೆ ಬಂದರೆ ಅದು ‘ಕುಂಬು’, ಅಂದರೆ ಮರ ಕೊಳೆತಿದೆ: ಹೊದಿಕೆ ಕತ್ತರಿಸಿ, ಕೆರೆದು ತೆಗೆದು, ಎಪಾಕ್ಸಿ ಎಂಬ ಅಂಟಿನಲ್ಲಿ ಹೊಸ ಬಾಲ್ಸಾ ಕೂರಿಸಲೇಬೇಕು. ಮೂರನೆಯದು ವಿಚಿತ್ರ. ಮರ ಒಣಗಿ ಗಟ್ಟಿಯಾಗಿಯೇ ಇದೆ, ಆದರೆ ಹೊದಿಕೆ ಅದನ್ನು ಬಿಟ್ಟುಕೊಂಡಿದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿದರೆ ಖಣ್ಣೆನ್ನದೆ ದೊಪ್ಪೆನ್ನುತ್ತದೆ. ಇದಕ್ಕೆ ಸಣ್ಣ ತೂತುಗಳಿಂದ ಎಪಾಕ್ಸಿ ಊಡಿಸಿ, ಮೇಲೆ ಭಾರ ಹೇರಿದರೆ ಸಾಕಾಗಬಹುದು. (ಕುಂಬಾದದ್ದೂ ದೊಪ್ಪೆನ್ನುತ್ತದೆ. ಅದಕ್ಕೇ ಕಿವಿಯೊಂದನ್ನೇ ನಂಬುವಂತಿಲ್ಲ.)

ಈ ಮೂರನೆಯದಕ್ಕೆ ‘ಪದರ ಬಿಟ್ಟಿದೆ’ ಎಂದು ಬರೆದಿದ್ದೇನೆ. ಗೋಡೆಯ ಗಾರೆ ಬಿಟ್ಟಿದೆ ಎನ್ನುತ್ತೇವಲ್ಲ, ಆ ಜಾಡಿನಲ್ಲಿ. ‘ಟೊಳ್ಳಾಗಿದೆ’ ಎಂದರೆ ಒಳಗೆ ಮರವೇ ಇಲ್ಲ ಎಂಬ ಅರ್ಥ ಬರುತ್ತದೆ. ‘ಸ್ತರವಿಭೇದನ’ ಎಂದೂ ಒಂದು ಸಲಹೆ ಬಂದಿದೆ. ಎಪಾಕ್ಸಿ ಮೆತ್ತಿದ ಕೈಯಲ್ಲಿ ಪುಟ ತಿರುವುವವನಿಗೆ ಅದನ್ನು ಓದಿಸುವ ಧೈರ್ಯ ನನಗಿಲ್ಲ.

ಸಣ್ಣದೊಂದು ಅನುಮಾನ: ದೋಣಿಯ ನೀರಿನೊಳಗಿನ ಭಾಗದಲ್ಲಿ ಏಳುವ, ಚುಚ್ಚಿದರೆ ವಿನೆಗರ್ ವಾಸನೆಯ ದ್ರವ ಸುರಿಸುವ ಉಬ್ಬುಗಳಿಗೆ ‘ಗುಳ್ಳೆ’ ಸಾಕೇ, ‘ಬೊಕ್ಕೆ’ ಬೇಕೇ? ನನ್ನ ಒಲವು ಬೊಕ್ಕೆಯ ಕಡೆಗೆ. ಗುಳ್ಳೆ ಎಂದರೆ ಬರೀ ಗಾಳಿ ತುಂಬಿದಂತೆ ಕೇಳಿಸುತ್ತದೆ.

‘ಕುಂಬು’ ಕರಾವಳಿ, ಮಲೆನಾಡಿನವರಿಗೆ ಗೊತ್ತು. ಬಯಲುಸೀಮೆಯ ಬಡಗಿಗಳು ಏನೆನ್ನುತ್ತಾರೆ? ಮಲ್ಪೆ, ಗಂಗೊಳ್ಳಿ ಕಡೆ ಫೈಬರ್ ನಾಡದೋಣಿಗಳ ಕೆಲಸ ಮಾಡುವವರ ಬಾಯಲ್ಲಿ ಹೊದಿಕೆ ಬಿಟ್ಟುಕೊಳ್ಳುವುದಕ್ಕೆ ಬೇರೆ ಮಾತಿದ್ದರೆ, ಅದನ್ನು ಬಳಸುವ ಪೂರ್ತಿ ವಾಕ್ಯದೊಂದಿಗೆ ತಿಳಿಸಿ.