ಸಹಾಯ ಬೇಕು: ಕಾಗದದ ಮುಖವಾಡಕ್ಕೆ ಬೂಷ್ಟು ಹಿಡಿಯದ ಅಂಟು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. 1ರಿಂದ 3ನೇ ತರಗತಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಹಳೇ ಪೇಪರ್ ನೆನೆಸಿ, ರುಬ್ಬಿ, ಮೈದಾ ಅಂಟು ಕಲಸಿ ಮುಖವಾಡ ಮಾಡಿಸುತ್ತಿದ್ದೇನೆ. ಆಕಾರ ಚೆನ್ನಾಗಿ ಬರುತ್ತದೆ. ಆದರೆ ಈ ಮಳೆಗಾಲದಲ್ಲಿ ಒಣಗುವ ಮೊದಲೇ ಬೂಷ್ಟು. ಒಣಗಿದ್ದಕ್ಕೆ ಜಿರಳೆ ಕಾಟ.

ಬುಕ್ ಬೈಂಡಿಂಗ್ ಮಾಡುವವರು ಬೂಷ್ಟು, ಹುಳ ಬರದಿರಲಿ ಅಂತ ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಾರೆ, ಗೊತ್ತು. ಅದು ವಿಷ. ಮಕ್ಕಳ ಕೈ ಬಾಯಿಗೆ ಹೋಗದೇ ಇರುತ್ತದಾ? ಅದಂತೂ ಬೇಡ.

ಹಿಂದೆ ಮನೆಗಳಲ್ಲಿ ಕಾಗದದ ಬುಟ್ಟಿ ಮಾಡುವಾಗ ಮೆಂತ್ಯ ಸೇರಿಸುತ್ತಿದ್ದರಲ್ವಾ, ಆ ಅಳತೆ ಯಾರಿಗಾದರೂ ಗೊತ್ತಾ? ಒಂದು ಬಕೆಟ್ ಕಾಗದಕ್ಕೆ ಎಷ್ಟು? ನೆನೆಸಿ ರುಬ್ಬಬೇಕಾ, ಪುಡಿ ಸಾಕಾ? ಬಿಸಿಲಿಲ್ಲದಾಗ ಹೇಗೆ ಒಣಗಿಸುತ್ತೀರಿ ಅನ್ನೋದನ್ನೂ ಹೇಳಿ. ಬಿಸಿಯೂಟದ ಅಕ್ಕ ಒಲೆ ಹತ್ತಿರ ಇಡೋಕೆ ಬಿಡುವುದಿಲ್ಲ!