'ಮನೆಯ ಒಳಚರಂಡಿ' ಅಂದರೆ ಎಲ್ಲಿಂದ ಎಲ್ಲಿಯವರೆಗೆ?

'ಒಳಚರಂಡಿ'ಯಲ್ಲಿರುವ 'ಒಳ' ಯಾವುದರ ಒಳಗೆ? ಮನೆಯ ಒಳಗೋ, ನೆಲದ ಒಳಗೋ?

ಕೇಳಲು ಕಾರಣ ಇದೆ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಬಾಡಿಗೆ ಮನೆಯವರೊಬ್ಬರು 'ನಮ್ಮ ಮನೆಯ ಒಳಚರಂಡಿ ಉಕ್ಕಿ ಹರಿಯುತ್ತಿದೆ, ದುರಸ್ತಿ ಮಾಡಿಸಿ' ಅಂತ ಅರ್ಜಿ ಬರೆದರು. ಉಕ್ಕುತ್ತಿದ್ದದ್ದು ಮನೆ ಮುಂದಿನ ರಸ್ತೆಯ ಚೇಂಬರ್, ಅಂದರೆ ಮ್ಯಾನ್‌ಹೋಲ್. ಪಾಲಿಕೆಯಲ್ಲಿ ಅರ್ಜಿ ತಗೊಂಡವರು 'ಮನಿ ಒಳಗಿಂದು ನಿಮ್ಮ ಮಾಲಕರು ಮಾಡಸಬೇಕ್ರಿ' ಅಂದರಂತೆ. ಮಾಲಕರನ್ನು ಕೇಳಿದರೆ 'ಒಳಚರಂಡಿ ಅಂದಮ್ಯಾಲೆ ಅದು ಸರ್ಕಾರದ್ದು, ನನಗೇನ್ ಕೇಳ್ತೀರಿ' ಅಂದರು. ಅರ್ಜಿ ಅಲ್ಲಿಗೇ ನಿಂತಿತು.

ನನಗೆ ತಿಳಿದಂತೆ ಇಲ್ಲಿ 'ಒಳ' ಅಂದರೆ ನೆಲದ ಒಳಗೆ ಹೂತದ್ದು. ಆದರೆ ಕನ್ನಡದ ಕಿವಿಗೆ ಅದು ಹಾಗೆ ಕೇಳಿಸುತ್ತಿಲ್ಲ ಅನ್ನಿಸುತ್ತದೆ. ಇಲ್ಲದಿದ್ದರೆ 'ಭೂಗತ ಒಳಚರಂಡಿ' ಅಂತ ಯಾಕೆ ಬರೆಯಬೇಕು? ಪೇಪರಿನಲ್ಲಿ ಆಗಾಗ ಕಾಣುತ್ತದಲ್ವಾ. ಮುಂದೆ 'ಮನೆಯ' ಅಂತ ಸೇರಿಸಿದರಂತೂ ಮುಗಿಯಿತು, ಬಚ್ಚಲಿನ ಮೂಲೆಯೇ ಕಣ್ಣಿಗೆ ಬರುತ್ತದೆ. ಇನ್ನೊಂದು ವಿಷಯ. ಬೆಂಗಳೂರಿನ ಜಲಮಂಡಳಿಯ ಇಂಗ್ಲಿಷ್ ಹೆಸರಿನಲ್ಲಿ ಇರುವುದು 'ಸೀವರೇಜ್', ರಾಜ್ಯದ ಉಳಿದ ನಗರಗಳ ಮಂಡಳಿಯ ಹೆಸರಿನಲ್ಲಿ ಇರುವುದು 'ಡ್ರೇನೇಜ್'. ಕನ್ನಡದಲ್ಲಿ ಎರಡೂ 'ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ'ಗಳೇ.

ಬಾಯಿಮಾತಿನಲ್ಲಿ ಹುಬ್ಬಳ್ಳಿ-ಧಾರವಾಡದವರು ಈ ಪದ ಬಳಸುವುದೇ ಕಡಿಮೆ. ರಸ್ತೆ ಬದಿಯ ತೆರೆದ ಕಾಲುವೆ 'ಗಟಾರ'. ಮರಾಠಿಯಲ್ಲೂ ಇದೇ ಪದ. ಹೂತ ಪೈಪು 'ಡ್ರೇನೇಜ್' ಅಥವಾ 'ಯುಜಿಡಿ' (ಅಂಡರ್‌ಗ್ರೌಂಡ್ ಡ್ರೇನೇಜ್). 'ಡ್ರೇನೇಜ್ ಚೋಕಪ್ ಆಗೇತ್ರಿ' ಅಂದರೆ ಮುಂದೆ ವಿವರಿಸುವ ಕೆಲಸ ಇಲ್ಲ. 'ಮೋರಿ' ಮೈಸೂರು ಕಡೆಯವರದ್ದು. ಲೋಕೋಪಯೋಗಿ ಇಲಾಖೆಯ 'ಅಡ್ಡಮೋರಿ' ಬೇರೆಯೇ, ರಸ್ತೆ ಅಡಿಯಲ್ಲಿ ಮಳೆನೀರು ದಾಟಿಸುವಂಥದ್ದು. 'ಬಚ್ಚಲು' ಇವತ್ತು ನಮಗೆ ಸ್ನಾನದ ಮನೆ. ಆದರೆ ಯಾರನ್ನಾದರೂ 'ಬಚ್ಚಲಬಾಯಿ' ಅಂತ ಬೈಯುವಾಗ ಕೊಳೆನೀರು ಹರಿಯುವ ಜಾಗ. ಉದ್ಯೋಗ ಖಾತರಿಯಲ್ಲಿ ಹಳ್ಳಿಗಳಲ್ಲಿ ತೋಡಿಸುವ 'ಬಚ್ಚಲು ಗುಂಡಿ'ಯಲ್ಲಿ ಎರಡೂ ಅರ್ಥ ಕೂಡಿಕೊಂಡಿವೆ.

ಹೊಣೆ ಯಾರದು ಅನ್ನುವುದರಲ್ಲಿ ಕಾಯ್ದೆಯ ಮಟ್ಟಿಗೆ ಅಷ್ಟು ಗೊಂದಲ ಇಲ್ಲ. ಮಹಾನಗರ ಪಾಲಿಕೆಗಳ 1976ರ ಕಾಯ್ದೆ ಪ್ರಕಾರ ಸಾರ್ವಜನಿಕ ಚರಂಡಿ ಪಾಲಿಕೆಯದು. ಮನೆಯ ನೀರನ್ನು ಅದಕ್ಕೆ ಮುಟ್ಟಿಸುವ ಪೈಪು ಮಾಲಕರದು. ಪ್ಲಂಬರ್‌ಗಳ ಲೆಕ್ಕ ಇನ್ನೂ ಸುಲಭ: ನಿಮ್ಮದೊಂದೇ ಮನೆಯಲ್ಲಿ ನೀರು ವಾಪಸ್ ಬಂದರೆ ನಿಮ್ಮ ಲೈನು ಕಟ್ಟಿದೆ. ರಸ್ತೆಯ ಚೇಂಬರೇ ತುಂಬಿ ನಿಂತಿದ್ದರೆ, ಪಕ್ಕದ ಮನೆಯವರಿಗೂ ಅದೇ ಗೋಳಿದ್ದರೆ, ಮೇನ್ ಲೈನ್ ಕಟ್ಟಿದೆ.

ನನ್ನ ಪ್ರಶ್ನೆ ಇರುವುದು ನಡುವಿನ ತುಂಡಿನ ಬಗ್ಗೆ. ಕಂಪೌಂಡ್ ದಾಟಿ, ರಸ್ತೆ ಅಡಿಯಲ್ಲಿ ಹೋಗಿ ಚೇಂಬರ್ ಸೇರುತ್ತದಲ್ಲ, ಆ ಪೈಪು. ಜಗಳ ಹುಟ್ಟುವುದೇ ಅಲ್ಲಿ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಕಡೆ ಪೈಪಿನ ಜೋಡಣೆ ಬಿಡುತ್ತದೆ. ಸರಿಮಾಡಲು ರಸ್ತೆಯನ್ನೇ ಅಗೆಯಬೇಕು. ಜಾಗ ನೋಡಿದರೆ ರಸ್ತೆ, ಪೈಪು ನೋಡಿದರೆ ಮನೆಯದು. ಇದಕ್ಕೆ ಕನ್ನಡದಲ್ಲಿ ಹೆಸರೇನು?

ಕಾಗದಪತ್ರಗಳಲ್ಲಿ 'ಒಳಚರಂಡಿ ಸಂಪರ್ಕ' ಅಂತ ಇರುತ್ತದೆ. ಅದು ನನಗೆ ಸಾಲದು. 'ಸಂಪರ್ಕ ಕೊಟ್ಟರು', 'ಸಂಪರ್ಕ ಕಡಿದರು' ಅನ್ನುತ್ತೇವೆ. 'ಸಂಪರ್ಕ ಒಡೆದು ಸೋರುತ್ತಿದೆ' ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅದು ಜೋಡಿಸುವ ಕೆಲಸದ ಹೆಸರು, ಜೋಡಿಸಿದ ವಸ್ತುವಿನದ್ದಲ್ಲ. 'ಸಂಪರ್ಕದ ದುರಸ್ತಿ ಮಾಲೀಕರದ್ದು' ಅಂತ ಬರೆದರೆ ಎಷ್ಟು ಪೈಪು ಅವರದ್ದು ಅಂತ ಓದಿದವರಿಗೆ ಗೊತ್ತಾಗುವುದಿಲ್ಲ. 'ಮನೆಗೊಳವೆ' ಅಂತ ಹೇಳಿ ನೋಡಿದೆ, ಕುಡಿಯುವ ನೀರಿನ ಪೈಪಿನ ಹಾಗೆ ಕೇಳಿಸುತ್ತದೆ. 'ಕೂಡುಚರಂಡಿ' ಅರ್ಥಕ್ಕೆ ಹತ್ತಿರ ಇದೆ, ಆದರೆ ಸುಮ್ನೆ ಕೂತು ಕಟ್ಟಿದ ಪದದ ವಾಸನೆ ಹೊಡೆಯುತ್ತದೆ.

ಇಲ್ಲೇ ಇನ್ನೊಂದು. ಮ್ಯಾನ್‌ಹೋಲ್‌ಗೆ 'ಆಳುಗುಂಡಿ' ಅಂತ ಬರೆಯುತ್ತಾರೆ. ಕೆಲವರು ಅದನ್ನು 'ಆಳದ ಗುಂಡಿ' ಅಂತ ಓದಿಕೊಳ್ಳುತ್ತಾರೆ, ಆದರೆ ಅದು ಆಳು ಇಳಿಯುವ ಗುಂಡಿ ಅಂತಲೇ ಹುಟ್ಟಿದ್ದಿರಬೇಕು. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಬಂದ ಮೇಲೆ ರಕ್ಷಣೆ ಇಲ್ಲದೆ ಅದರೊಳಗೆ ಆಳನ್ನು ಇಳಿಸುವುದು ಅಪರಾಧ. 2023ರ ಕೇಂದ್ರ ಬಜೆಟ್ಟಿನಲ್ಲಿ, ಆಳಿನ ಬದಲು ಮಷಿನ್ನೇ ಕೆಲಸ ಮಾಡಲಿ ಅಂತ, 'ಮಷಿನ್ ಹೋಲ್' ಅಂದರು. ಕನ್ನಡದಲ್ಲಿ ಸದ್ಯಕ್ಕೆ 'ಚೇಂಬರ್' ಅಂದುಬಿಡುವುದೇ ವಾಸಿ ಅಂತ ನನ್ನ ಮತ. ಅದರಲ್ಲಿ ಆಳೂ ಇಲ್ಲ, ಮಷಿನ್ನೂ ಇಲ್ಲ.

ನಮ್ಮ ಓಣಿಯವರ ಅರ್ಜಿಯಲ್ಲಿ ಈಗ 'ಒಳಚರಂಡಿ' ತೆಗೆದು 'ರಸ್ತೆಯ ಚೇಂಬರ್' ಅಂತ ಹಾಕಿಸಿದ್ದೇನೆ. ಗದಗ, ಹಾವೇರಿ, ರಾಣೆಬೆನ್ನೂರು ಕಡೆಯ ಗೌಂಡಿಗಳೋ ಪ್ಲಂಬರ್‌ಗಳೋ ಆ ನಡುವಿನ ತುಂಡಿಗೆ 'ಲೈನ್' ಬಿಟ್ಟು ಬೇರೆ ಏನಾದರೂ ಅನ್ನುತ್ತಾರಾ? ಕೇಳಿದವರಿದ್ದರೆ, ಯಾವ ಊರಲ್ಲಿ ಕೇಳಿದ್ದು ಅಂತಲೂ ಬರೆಯಿರಿ.